ಖಾಲಿ ತೋಟಾದ ಹಿತ್ತಾಳೆ

(ಅಲ್ಲಾಳಸಂದ್ರದಲ್ಲಿ ನೆಲೆಸಿ ಓದುತ್ತಿರುವ ಮಲೆನಾಡಿನ ವಿದ್ಯಾರ್ಥಿಗಳು ಮತ್ತು ಊರುಗಳಿಂದ ಬಂದಿದ್ದ ಕೃಷಿಕರ ಮುಂದೆ ಆಡಿದ ಮಾತುಗಳ ಬರಹರೂಪ)



ಮಣ್ಣು, ಗೊಬ್ಬರ, ಅಡಿಕೆಯ ಕೊಳೆರೋಗ ಇವುಗಳ ಕುರಿತು ಮಾತನಾಡುವುದು ನನ್ನ ವೃತ್ತಿ. ಇಂದು ಮಾತ್ರ ಕೋವಿಯ ತೋಟಾದ ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. ಅದಕ್ಕೆ ಕಾರಣ ನಿಮ್ಮಲ್ಲೇ ಕುಳಿತಿರುವ ಒಬ್ಬ ವಿದ್ಯಾರ್ಥಿ. ಕೆಲವು ದಿನಗಳ ಹಿಂದೆ ಅವನು ಐದಾರು ಹಿತ್ತಾಳೆಯ ಖಾಲಿ ಕೋಶಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದ. "ಸರ್, ಇವು ಬ್ಲ್ಯಾಂಕ್ ಹೊಡೆದ ಕೇಸುಗಳು. ಇವುಗಳಿಂದ ಗುಂಡೇ ಹೋಗಿಲ್ಲ, ಹಿತ್ತಾಳೆ ಹೊಸದರ ಹಾಗೇ ಇದೆ. ಮದ್ದು, ಚರೆ ತುಂಬಿಸಿ ಊರಲ್ಲಿ ಅಪ್ಪನ ಕೋವಿಗೆ ಮತ್ತೆ ಬಳಸಬಹುದಾ?" ಎಂದು ಕೇಳಿದ. ಅವು ಅವನಿಗೆ ಎಲ್ಲಿ ಸಿಕ್ಕವೆಂದು ನಾನು ಕೇಳಲಿಲ್ಲ.

ಪ್ರಶ್ನೆ ನಗುವಂಥದಲ್ಲ. ಅದರ ಬೆನ್ನಿಗೆ ಒಂದು ಇಡೀ ತೋಟವೇ ನಿಂತಿದೆ. ರಾತ್ರಿ ಗದ್ದೆಗಿಳಿಯುವ ಹಂದಿ, ಬೆಳಗಾಗುತ್ತಲೇ ಅಡಿಕೆಯ ಎಳೆ ಸಿಂಗಾರ ಕೀಳುವ ಮಂಗ, ಬಾಳೆ ಮುರಿಯುವ ಆನೆ ಎಲ್ಲವೂ ಅದರಲ್ಲಿವೆ. ತೋಟಾ ಕೊಳ್ಳಲು ಹೋದರೆ ಲೈಸೆನ್ಸಿನ ಪುಟದಲ್ಲಿ ಬರೆದಷ್ಟೇ ಸಿಗುತ್ತದೆ, ಅದಕ್ಕೂ ಜಿಲ್ಲಾ ಕೇಂದ್ರದವರೆಗೆ ಬಸ್ಸು ಹತ್ತಬೇಕು. ಚುನಾವಣೆ ಬಂತೆಂದರೆ ಕೋವಿಯೇ ಠಾಣೆ ಸೇರುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲೂ 2024ರ ಲೋಕಸಭಾ ಚುನಾವಣೆಯಲ್ಲೂ ಮಲೆನಾಡಿನ ಮತ್ತು ಕರಾವಳಿಯ ಕೃಷಿಕರು ಬೆಳೆರಕ್ಷಣೆಯ ಕೋವಿಯನ್ನು ಠಾಣೆಯಲ್ಲಿಟ್ಟು ಬರಿಗೈಯಲ್ಲಿ ತೋಟ ಕಾಯಬೇಕಾಯಿತು. ಇಷ್ಟೆಲ್ಲ ಇರುವಾಗ, ಬಿದ್ದಿರುವ ಹಿತ್ತಾಳೆಯನ್ನು ಕಂಡು ಹುಡುಗನ ಮನಸ್ಸು ಹೀಗೆ ಓಡಿದ್ದರಲ್ಲಿ ಆಶ್ಚರ್ಯವಿಲ್ಲ. ಮಲೆನಾಡಿನಲ್ಲಿ ಯಾವ ವಸ್ತುವನ್ನೂ ನಾವು ಸುಮ್ಮನೆ ಎಸೆಯುವವರಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬಳಸಬಾರದು. ಕಾಯಿದೆ ಒಂದು ಕಾರಣ, ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಆ ಲೋಹವೇ ಒಪ್ಪುವುದಿಲ್ಲ. ಏಕೆಂಬುದು ಮಲೆನಾಡಿನವರಾದ ನಮಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುವಂಥದು, ಏಕೆಂದರೆ ಅದರ ಅರ್ಧ ಕಥೆ ನಮ್ಮ ಕೊಟ್ಟಿಗೆಯಲ್ಲಿದೆ.

ಗುಂಡಿಲ್ಲದ ತೋಟಾವನ್ನು ನಾವೆಲ್ಲ ಕಂಡಿದ್ದೇವೆ, ಅದರ ಸದ್ದನ್ನಂತೂ ಕೇಳಿಯೇ ಇದ್ದೇವೆ. ಸರ್ಕಾರಿ ಗೌರವದ ಅಂತ್ಯಕ್ರಿಯೆಯಲ್ಲಿ ಪೊಲೀಸರು ಆಕಾಶಕ್ಕೆ ಹಾರಿಸುವ ಕುಶಾಲತೋಪು ಅದೇ. ತೀರ್ಥಹಳ್ಳಿ ಸೀಮೆಯ ಯು. ಆರ್. ಅನಂತಮೂರ್ತಿಯವರಿಗೆ 2014ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ ವಿದಾಯ ಹೇಳಿದಾಗಲೂ, 2019ರ ಜನವರಿಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಅಂತಿಮ ಕ್ರಿಯೆಯಲ್ಲೂ ಸರ್ಕಾರ ಇದೇ ಗೌರವ ಸಲ್ಲಿಸಿತು. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು ಹಾರಿಸಿ ಊರಿಗೆ ತಿಳಿಸುವ ರೂಢಿ ಇದೆ. ಹುತ್ತರಿಯ ಕದಿರು ಕೊಯ್ಯುವಾಗಲೂ ಕೋವಿಯ ಸದ್ದು ಕೇಳಬೇಕು. ಇಲ್ಲೆಲ್ಲ ಬೇಕಾದದ್ದು ಸದ್ದು ಮಾತ್ರ.

ಸದ್ದಿಗೆಂದೇ ಮಾಡಿದ ತೋಟಾದ ರಚನೆಯೇ ಬೇರೆ. ಮಾಮೂಲಿ ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೋಶ, ತಳದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಮುಂದೆ ಗುಂಡಿನ ಭಾರ ಕುಳಿತಿರುವುದರಿಂದ ಮದ್ದು ಉರಿಯುತ್ತ ಉರಿಯುತ್ತ ಒತ್ತಡ ಏರಿ, ಗುಂಡು ನಳಿಗೆಯಲ್ಲಿ ಮುಂದೆ ಸಾಗುತ್ತದೆ. ಗುಂಡಿಲ್ಲದ ತೋಟಾದಲ್ಲಿ ಆ ಭಾರವಿಲ್ಲ. ಆದ್ದರಿಂದ ಅದಕ್ಕೆ ಬಹುಬೇಗ ಉರಿದುಹೋಗುವ ಬೇರೆ ಜಾತಿಯ ಮದ್ದನ್ನು ಹಾಕಿ, ಕೋಶದ ಬಾಯನ್ನೇ ಹೂವಿನ ಮೊಗ್ಗಿನಂತೆ ಮಡಚಿ ಮುಚ್ಚುತ್ತಾರೆ. ಹಾರಿಸಿದಾಗ ಆ ಮೊಗ್ಗು ಅರಳುತ್ತದೆ. ನೀವು ನೆಲದ ಮೇಲೆ ಕಾಣುವ ಖಾಲಿ ಕೋಶದ ಬಾಯಲ್ಲಿ ಎಸಳೆಸಳಾಗಿ ಗೆರೆಗಳಿದ್ದರೆ ಅದು ಈ ಜಾತಿಯದು. ಆ ವೇಗದ ಮದ್ದನ್ನು ಚರೆಯ ಹಿಂದೆ ಇಟ್ಟರೆ ಒತ್ತಡಕ್ಕೆ ಹೊರಹೋಗಲು ಹೊತ್ತೇ ಸಿಗುವುದಿಲ್ಲ, ಕೋವಿಯ ಕೋಣೆಯೇ ಸಿಡಿಯುತ್ತದೆ. ಹಾಗೆಂದು ಬ್ಲ್ಯಾಂಕ್ ಎಂದರೆ ಆಟಿಕೆ ಎಂದೂ ತಿಳಿಯಬೇಡಿ. 1984ರಲ್ಲಿ ಅಮೆರಿಕದ ನಟ ಜಾನ್ ಎರಿಕ್ ಹೆಕ್ಸಮ್ ಚಿತ್ರೀಕರಣದ ಬಿಡುವಿನಲ್ಲಿ ತಮಾಷೆಗೆ ತನ್ನ ಕಪಾಲಕ್ಕೆ ಬ್ಲ್ಯಾಂಕ್ ತುಂಬಿದ ಪಿಸ್ತೂಲು ಒತ್ತಿ ಹಾರಿಸಿಕೊಂಡು ಸತ್ತ. ಬರಿಯ ಅನಿಲದ ಹೊಡೆತವೇ ಸಾಕಾಯಿತು. 1993ರಲ್ಲಿ ಬ್ರೂಸ್ ಲೀಯ ಮಗ ಬ್ರ್ಯಾಂಡನ್ ಲೀ ಸತ್ತದ್ದೂ ಬ್ಲ್ಯಾಂಕ್ ಹಾರಿಸಿದ್ದರಿಂದಲೇ: ನಕಲಿ ತೋಟಾವೊಂದರ ಗುಂಡಿನ ತುದಿ ನಳಿಗೆಯಲ್ಲಿ ಸಿಕ್ಕಿಕೊಂಡಿದ್ದನ್ನು ಯಾರೂ ನೋಡಿರಲಿಲ್ಲ. ಮದುವೆ, ಹಬ್ಬಗಳಲ್ಲಿ ಸದ್ದಿನ ಈಡು ಹಾರಿಸುವವರು ನಳಿಗೆಯನ್ನು ಜನರ ಕಡೆಗೆ ತಿರುಗಿಸಬಾರದೆಂಬ ಹಿರಿಯರ ಕಟ್ಟಪ್ಪಣೆ ಇರುವುದು ಇದಕ್ಕೇ.

ಈಗ ಹಿತ್ತಾಳೆಗೆ ಬರೋಣ. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಪಾತ್ರೆ ಅಂಗಡಿಯ ಎಲ್ಲ ಹಿತ್ತಾಳೆಯೂ ಇದೇ ಅಳತೆಯದಲ್ಲ. ಈ ಮಿಶ್ರಣವನ್ನು ಹಿಗ್ಗಿಸಬಹುದು, ಹಿಗ್ಗಿದ ಮೇಲೆ ಅದು ಸ್ವಲ್ಪ ಹಿಂದಕ್ಕೂ ಬರುತ್ತದೆ. ತೋಟಾಕ್ಕೆ ಬೇಕಾದ ಗುಣವೇ ಅದು. ಬೋರ್ಡೊ ಸಿಂಪಡಿಸುವ ಪಂಪಿನ ವಾಷರನ್ನು ನೆನಪಿಸಿಕೊಳ್ಳಿ. ಒತ್ತಿದಾಗ ಅಗಲವಾಗಿ ಕೊಳವೆಯ ಗೋಡೆಗೆ ಅಂಟಿ ದ್ರಾವಣ ಹಿಂದಕ್ಕೆ ಬಾರದಂತೆ ತಡೆಯುತ್ತದೆ, ಬಿಟ್ಟಾಗ ಸಡಿಲಾಗುತ್ತದೆ. ಕೋಶವೂ ಹಾಗೆಯೇ. ಮದ್ದು ಉರಿದಾಗ ಹಿಗ್ಗಿ ಕೋವಿಯ ಕೋಣೆಗೆ ಅಂಟಿಕೊಂಡು ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ಮುಚ್ಚುತ್ತದೆ. ಗುಂಡು ಹೋದ ಮೇಲೆ ಕುಗ್ಗಿ ಹೊರಬರುತ್ತದೆ. ವಾಷರು ಹರಿದರೆ ಮೈಮೇಲೆ ಮೈಲುತುತ್ತದ ನೀರು ಚಿಮ್ಮುತ್ತದೆ, ಅಷ್ಟೇ. ಇಲ್ಲಿ ಹಿಂದಕ್ಕೆ ಬರುವುದು ರೈಫಲ್ಲಿನಲ್ಲಾದರೆ ಮೂರು ಸಾವಿರ ವಾಯುಭಾರಕ್ಕೂ ಮಿಕ್ಕ ಒತ್ತಡದ ಬೆಂಕಿ. 12 ಬೋರಿನ ಕೋವಿಯಲ್ಲೂ ಅದು ನೂರುಗಳ ಲೆಕ್ಕದಲ್ಲಿದೆ. ಗುರಿ ಹಿಡಿದವನ ಕಣ್ಣಿಗೂ ಆ ಕೋಣೆಗೂ ನಡುವೆ ಒಂದು ಗೇಣು ದೂರ ಎಂಬುದನ್ನು ಮರೆಯಬೇಡಿ.

ಗುಂಡಿನ ತೋಟಾದ ಕೋಶವನ್ನು ಈ ಹಿಗ್ಗುವಿಕೆಗೆ ಸಿದ್ಧಪಡಿಸಿರುತ್ತಾರೆ. ತಳ ಗಟ್ಟಿಯಾಗಿರಬೇಕು, ಬಾಯಿ ಮೆದುವಾಗಿರಬೇಕು. ಬಾಯಿಯ ಭಾಗವನ್ನಷ್ಟೇ ಕಾಸಿ ಮೆದುಗೊಳಿಸುತ್ತಾರೆ. ಸೇನೆಯ ಕೋಶಗಳ ಕುತ್ತಿಗೆಯಲ್ಲಿ ಕಾಣುವ ನೀಲಿ ಛಾಯೆ ಆ ಬೆಂಕಿಯ ಗುರುತು. ಬ್ಲ್ಯಾಂಕಿನಲ್ಲಿ ಆ ಮೆದುಮಾಡಿದ ಬಾಯನ್ನೇ ಮತ್ತೆ ತಣ್ಣಗೆ ಮಡಚಿ ಎಸಳು ಮಾಡುತ್ತಾರೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಗ್ಗಿದ ಜಾಗ ಗಡುಸಾಗಿ ಕೊನೆಗೆ ತುಂಡಾಗುತ್ತದಲ್ಲ, ಅದೇ ಇಲ್ಲಿಯ ಕಥೆ. ಮಡಿಕೆಯೊಂದೊಂದರಲ್ಲೂ ಒಂದು ಗಡುಸು ಗೆರೆ, ಅದು ಅರಳಿದಾಗ ಕಣ್ಣಿಗೆ ಕಾಣದ ಸೀಳು. ಬಾಯಿ ದುಂಡಗಿಲ್ಲದಿದ್ದರೆ ಅದು ಗುಂಡನ್ನು ಸಮನಾಗಿ ಹಿಡಿಯಲಾರದು. ಆ ಬಾಯನ್ನು ಕತ್ತರಿಸಿ ಎಸೆದರೆ ಉಳಿಯುವುದು ಅಳತೆ ತಪ್ಪಿದ ಮೊಂಡು ಕೋಶ. "ಒಲೆಯಲ್ಲಿ ಕಾಸಿದರೆ ಮೆದುವಾಗುವುದಿಲ್ಲವೇ?" ಎಂದು ಅದೇ ಹುಡುಗ ಕೇಳಿದ. ಆಗುತ್ತದೆ, ಆದರೆ ತಳವೂ ಮೆದುವಾಗುತ್ತದೆ. ಅತ್ಯಂತ ಗಟ್ಟಿಯಿರಬೇಕಾದದ್ದು ತಳ, ಅದೇ ಕಣ್ಣಿನ ಎದುರಿಗಿರುವ ಭಾಗ. ಇನ್ನೊಂದು ಸಂಗತಿಯೂ ಇದೆ. ಬ್ಲ್ಯಾಂಕಿನಲ್ಲಿ ಗುಂಡಿನ ತೋಟಾದಷ್ಟು ಒತ್ತಡ ಬಾರದೆಂಬ ಲೆಕ್ಕದ ಮೇಲೆ, ಅದರ ಕೋಶಕ್ಕೆ ಅಷ್ಟೇ ಬಿಗಿಯಾದ ಪರೀಕ್ಷೆ ಇರಬೇಕೆಂದೇನೂ ಇಲ್ಲ. ಹೊಸದರಂತೆ ಹೊಳೆಯುವ ಹಿತ್ತಾಳೆ ಹೊಸದರಷ್ಟು ಬಲವುಳ್ಳದ್ದೆಂದು ನಂಬಲು ಯಾವ ಆಧಾರವೂ ಇಲ್ಲ.

ಅಂದ ಹಾಗೆ, ಆ ಹುಡುಗನ ಕೈಯಲ್ಲಿದ್ದದ್ದು ರೈಫಲ್ಲಿನ ಕೋಶ. ಅವನ ತಂದೆಯವರ ಬಳಿ ಇರುವುದು 12 ಬೋರಿನ ಒಂಟಿನಳಿಗೆ. ಒಂದರ ಬಾಯಿ ಕಿರುಬೆರಳಿಗಿಂತ ಸಣ್ಣದು, ಇನ್ನೊಂದರದು ಹೆಬ್ಬೆರಳು ತೂರುವಷ್ಟು. ಒಂದು ಪೌಂಡು ಸೀಸದಿಂದ 12 ಸಮನಾದ ಉಂಡೆ ಮಾಡಿದರೆ ಒಂದುಂಡೆ ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆಗೆ 12 ಬೋರ್ ಎಂದು ಹೆಸರು. ಸುಮಾರು ಹದಿನೆಂಟೂವರೆ ಮಿಲಿಮೀಟರ್. ಹಾಗಾಗಿ ಅವನ ಮಟ್ಟಿಗೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಆದರೂ ಮಾತು ಮುಂದುವರಿಸುತ್ತಿರುವುದಕ್ಕೆ ಎರಡು ಕಾರಣ. ಕೊಡಗಿನ ಅನೇಕ ಮನೆಗಳಲ್ಲಿ ರೈಫಲ್ಲೂ ಇವೆ. ಮತ್ತೆ ನಮ್ಮ ಘಟ್ಟದ ಹಳೆಯ ಮನೆಗಳ ಅಟ್ಟದಲ್ಲಿ ಪೂರ್ತಿ ಹಿತ್ತಾಳೆಯ 12 ಬೋರಿನ ಕೋಶಗಳು ಡಬ್ಬಿಯಲ್ಲಿ ಕುಳಿತಿರುವುದುಂಟು. ಇಂದಿನ ಪ್ಲಾಸ್ಟಿಕ್ ಕೋಶದಂತೆ ಅವು ಒಂದು ಸಲಕ್ಕೆಂದು ಮಾಡಿದವಲ್ಲ, ಮತ್ತೆ ಮತ್ತೆ ತುಂಬಲೆಂದೇ ದಪ್ಪವಾಗಿ ಮಾಡಿದವು. ಅಜ್ಜಂದಿರು ಅವನ್ನು ತುಂಬುತ್ತಿದ್ದರು ಎಂಬ ನೆನಪೇ ಮೊಮ್ಮಕ್ಕಳ ಧೈರ್ಯಕ್ಕೆ ಮೂಲ. ಅವುಗಳಿಗೆ ಏನಾಗಿದೆ ಎಂಬುದನ್ನು ನೋಡೋಣ, ಏಕೆಂದರೆ ಇದು ನನ್ನ ವಿಷಯ.

ಬ್ರಿಟಿಷರ ಸೇನೆ ಭಾರತದಲ್ಲಿದ್ದ ಕಾಲದಲ್ಲಿ ಅವರಿಗೆ ಒಂದು ವಿಚಿತ್ರ ಕಾಟ ಎದುರಾಯಿತು. ಮಳೆಗಾಲ ಕಳೆದು ಉಗ್ರಾಣ ತೆರೆದರೆ, ಯಾರೂ ಮುಟ್ಟದ, ಹಾರಿಸದ ತೋಟಾಗಳ ಹಿತ್ತಾಳೆ ತಾನಾಗಿಯೇ ಬಿರಿದಿರುತ್ತಿತ್ತು. ಋತುವಿಗೆ ತಕ್ಕಂತೆ ಬರುತ್ತದೆಂದು ಅದನ್ನು ಸೀಸನ್ ಕ್ರ್ಯಾಕಿಂಗ್ ಎಂದು ಕರೆದರು. ನಾವು ಮಳೆಗಾಲದ ಬಿರುಕು ಎನ್ನೋಣ. ಬಹುಕಾಲ ಕಾರಣ ಹೊಳೆಯಲಿಲ್ಲ. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು ಲೋಹವಿಜ್ಞಾನಿಗಳು ಅದನ್ನು ಬಿಡಿಸಿ ಹೇಳಿದರು. ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯ, ಗಾಳಿಯ ತೇವ, ಲೋಹವನ್ನು ಎಳೆದು ರೂಪಿಸುವಾಗ ಅದರೊಳಗೆ ಉಳಿದುಕೊಂಡ ಬಿಗುಪು ಈ ಮೂರೂ ಕೂಡಿದರೆ ಹಿತ್ತಾಳೆಯ ಹರಳುಗಳ ನಡುವಿನ ಬೆಸುಗೆ ಕರಗಿ ಬಿರುಕು ಓಡುತ್ತದೆ. ಬಿಗುಪಿಲ್ಲದ ಹಿತ್ತಾಳೆಯಾದರೆ ಬರಿದೆ ಬಣ್ಣಗೆಟ್ಟು ಸುಮ್ಮನಿರುತ್ತದೆ. ಒಣ ಸೀಮೆಯಾದರೆ ಬಿರುಕು ನಿಧಾನ. ಮೂರೂ ಸೇರಿದಲ್ಲಿ ಮಾತ್ರ ಉಳಿಗಾಲವಿಲ್ಲ.

ಇನ್ನು ನಮ್ಮ ಮನೆಗಳನ್ನು ನೆನೆಯಿರಿ. ಕೊಟ್ಟಿಗೆ ಮನೆಗೆ ಅಂಟಿಕೊಂಡಿರುತ್ತದೆ, ಎಷ್ಟೋ ಕಡೆ ಅದರ ಮೇಲೆಯೇ ಅಟ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗದು. ಸೊಪ್ಪು, ದರಕು ಹಾಕಿದ ಕೊಟ್ಟಿಗೆಯಲ್ಲಿ ದನದ ಮೂತ್ರದ ಯೂರಿಯಾವನ್ನು ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಒಡೆದು ಅಮೋನಿಯ ಮಾಡುತ್ತದೆ. ಗೊಬ್ಬರ ತೆಗೆಯುವ ದಿನ ಕಣ್ಣು ಉರಿಯುವುದು, ಮೂಗು ಕಟ್ಟುವುದು ಅದರಿಂದಲೇ. (ಆ ಉರಿ ಎಂದರೆ ನಿಮ್ಮ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತಿದೆ ಎಂದರ್ಥ, ಇನ್ನೊಂದು ಪದರ ದರಕು ಹಾಕಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತ ಬಂದಿದ್ದೇನೆ. ಅದು ಬೇರೆ ಉಪನ್ಯಾಸ.) ಅಟ್ಟದ ಇನ್ನೊಂದು ಮೂಲೆಯಲ್ಲಿ ಬಾಯಿ ಬಿಚ್ಚಿದ ಯೂರಿಯಾ ಚೀಲವೂ ಇದ್ದರೆ ಆ ಕುದುರೆ ಲಾಯಕ್ಕೂ ನಮ್ಮ ಅಟ್ಟಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಇಪ್ಪತ್ತು, ಮೂವತ್ತು ಮಳೆಗಾಲ ಅಲ್ಲಿ ಕಳೆದ ಕೋಶವನ್ನು ಹುಣಸೆಹುಳಿ ಹಾಕಿ ಉಜ್ಜಿದರೆ ದೇವರ ದೀಪದಂತೆ ಹೊಳೆಯುತ್ತದೆ. ಬಿರುಕು ಹರಳುಗಳ ನಡುವೆ ಒಳಗೇ ಇರುತ್ತದೆ, ಉಜ್ಜಿದ್ದರಿಂದ ಕಾಣಿಸದಾಗುತ್ತದೆ ಅಷ್ಟೇ. ಬ್ಲ್ಯಾಂಕಿನ ಕೋಶದ ಸ್ಥಿತಿ ಇದಕ್ಕಿಂತ ಒಂದು ಹೆಜ್ಜೆ ಹಿಂದೆ: ಅದರ ಬಾಯಿಯ ಮಡಿಕೆಗಳಲ್ಲಿ ಬಿಗುಪು ಕಾರ್ಖಾನೆಯಿಂದಲೇ ಬಂದಿರುತ್ತದೆ. ಒಂದೆರಡು ಮಳೆಗಾಲ ಸಾಕು.

ವಿದ್ಯಾರ್ಥಿಗಳು ಇದನ್ನು ಕೋವಿಯ ವಿಷಯವೆಂದು ಬದಿಗಿಡದೆ ಗಮನಿಸಬೇಕು. ಕೊಟ್ಟಿಗೆಯ ಬಳಿ ಹಿತ್ತಾಳೆಯ ನಲ್ಲಿ, ಗ್ಯಾಸಿನ ಹಿತ್ತಾಳೆ ಜೋಡಣೆ, ಸಿಂಪಡಣೆ ಯಂತ್ರದ ಮೂತಿ ಇವು ಅಕಾರಣವಾಗಿ ಬಿರಿದದ್ದನ್ನು ಕಂಡಿದ್ದರೆ ಕಾರಣ ಇದೇ ಇರಬಹುದು.

ಕೇಪಿನ ಕಡೆಯಿಂದಲೂ ಒಂದು ತೊಡಕಿದೆ. ಹಳೆಯ ಸೇನಾ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ಉಳಿಯುತ್ತದೆ. ಅಂದರೆ ನಾವು ಅಡಿಕೆಗೆ, ಬಾಳೆಗೆ ಹಾಕುವ ಪೊಟ್ಯಾಷ್ ಗೊಬ್ಬರವೇ! ಮಳೆಗಾಲದಲ್ಲಿ ಪೊಟ್ಯಾಷ್ ಚೀಲ ನೀರು ಕುಡಿದು ಕಲ್ಲಾಗುವುದನ್ನು ಬಲ್ಲವರಿಗೆ, ಅದೇ ಲವಣದ ಪುಡಿ ನಳಿಗೆಯೊಳಗೆ ಕುಳಿತರೆ ಏನಾದೀತೆಂದು ವಿವರಿಸಬೇಕಾಗಿಲ್ಲ. ಬ್ಲ್ಯಾಂಕ್ ಹಾರಿಸಿದ್ದು ಬರಿಯ ಸದ್ದು ಎಂದು ಕೋವಿಯನ್ನು ತೊಳೆಯದೆ ತೂಗುಹಾಕಿದವರ ನಳಿಗೆ ತುಕ್ಕು ಹಿಡಿಯುವುದು ಹೀಗೆ. ಅದಕ್ಕೂ ಹಿಂದಿನ ಪಾದರಸದ ಕೇಪುಗಳಾದರೆ ಪಾದರಸ ಹಿತ್ತಾಳೆಯೊಳಗೇ ಸೇರಿ ಅದನ್ನು ಹಪ್ಪಳದಂತೆ ಮುರುಕಲು ಮಾಡುತ್ತಿತ್ತು. ಅಜ್ಜನ ಡಬ್ಬಿಯಲ್ಲಿರುವುದು ಯಾವ ಕಾಲದ್ದೆಂದು ಹೊರಗಿನಿಂದ ನೋಡಿ ಹೇಳಲಾಗದು. ಹಳೆಯ ತೋಟಾ ಸಿಡಿಯದೆಯೇ ಇರುವುದೂ ಉಂಟು. 2019ರ ಆಗಸ್ಟ್‌ನಲ್ಲಿ ಬಿಹಾರದಲ್ಲಿ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರರ ಅಂತ್ಯಕ್ರಿಯೆಯಲ್ಲಿ ಸಾಲಾಗಿ ನಿಂತ ಪೊಲೀಸರ ಒಂದು ಬಂದೂಕೂ ಹಾರದೆ ಸರ್ಕಾರಕ್ಕೆ ಮುಜುಗರವಾಯಿತು. ಅಲ್ಲಿ ಮುಜುಗರದಲ್ಲಿ ಮುಗಿಯಿತು. ಹಂದಿಯ ಎದುರು ನಿಂತವನು ಸಿಡಿಯದ ತೋಟಾವನ್ನು ಆತುರದಿಂದ ಹೊರಗೆಳೆಯುವಾಗ ಅದು ತಡವಾಗಿ ಸಿಡಿದರೆ ಬೆರಳುಗಳು ಉಳಿಯಲಾರವು.

ಕಾಯಿದೆಯ ಮಾತನ್ನು ಬೇಗ ಮುಗಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನ ಪ್ರಕಾರ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೋವಿ ಇಟ್ಟುಕೊಳ್ಳುವ ಲೈಸೆನ್ಸು ತೋಟಾ ತಯಾರಿಸುವ ಲೈಸೆನ್ಸಾಗುವುದಿಲ್ಲ. 2019ರ ತಿದ್ದುಪಡಿಯ ನಂತರ ಇದಕ್ಕೆ ಶಿಕ್ಷೆ ಏಳು ವರ್ಷಕ್ಕೆ ಕಡಿಮೆ ಇರುವಂತಿಲ್ಲ, ಜೀವಾವಧಿಯವರೆಗೂ ಹೋಗಬಹುದು. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು, ತಯಾರಿಕೆಯ 5ನೆಯ ಕಲಮನ್ನು ಅದು ಮುಟ್ಟುವುದಿಲ್ಲ. ಪೊಲೀಸರಲ್ಲಾಗಲಿ ಎನ್‌ಸಿಸಿಯಲ್ಲಾಗಲಿ ಹಾರಿಸಿದ ಖಾಲಿ ಕೋಶಗಳನ್ನೂ ಎಣಿಸಿ ಹಿಂದಿರುಗಿಸಬೇಕು. ನೆನಪಿಗೆಂದು ಒಂದನ್ನು ಕಿಸೆಗೆ ಹಾಕಿಕೊಳ್ಳುವುದು ಸರ್ಕಾರಿ ಸ್ವತ್ತನ್ನು ಕದ್ದಂತೆ. ಅಲ್ಲಾಳಸಂದ್ರದವರಿಗೆ ಇನ್ನೊಂದು ಮಾತು. ನಿಮ್ಮ ಮನೆಯ ಮುಂದಿನ ಬಳ್ಳಾರಿ ರಸ್ತೆಯೇ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ. ಚೀಲದ ಮೂಲೆಯಲ್ಲಿ ಮರೆತ ಒಂದೇ ತೋಟಾದ ಸಲುವಾಗಿ ವಿಮಾನ ತಪ್ಪಿಸಿಕೊಂಡು ಠಾಣೆ, ಕೋರ್ಟು ಅಲೆದವರು ದೇಶದಲ್ಲಿ ಅನೇಕರಿದ್ದಾರೆ. ಕೀಲಿಗೊಂಚಲಿಗೆ ಖಾಲಿ ಕೋಶ ಪೋಣಿಸಿಕೊಳ್ಳುವ ಹುಡುಗರ ಷೋಕಿ ಅಲ್ಲಿ ನಡೆಯದು.

ಈಗ ಮಣ್ಣಿಗೆ ಮರಳುತ್ತೇನೆ. ಕೇಪಿನಲ್ಲಿ ಇಂದು ಸಾಮಾನ್ಯವಾಗಿ ಇರುವುದು ಸೀಸದ ಸಂಯುಕ್ತ, ಜೊತೆಗೆ ಬೇರಿಯಂ, ಆಂಟಿಮೊನಿ. ಗುಂಡಿಲ್ಲದ ಈಡಿನಲ್ಲೂ ಈ ಧೂಳು ಹಾರುತ್ತದೆ, ಖಾಲಿ ಕೋಶದ ಒಳಗೆ ಮಸಿಯಾಗಿ ಉಳಿಯುತ್ತದೆ. ಅದನ್ನು ಮಕ್ಕಳು ಪೀಪಿಯಂತೆ ಬಾಯಿಗಿಟ್ಟು ಊದುವುದನ್ನು ನಾನು ಕಂಡಿದ್ದೇನೆ. ಸೀಸ ಮಗುವಿನ ಮಿದುಳಿಗೆ ಯಾವ ಪ್ರಮಾಣದಲ್ಲೂ ಒಳ್ಳೆಯದಲ್ಲ. ಚರೆಯ ಸೀಸದ ಕಥೆ ಇನ್ನೂ ದೊಡ್ಡದು. ಮಣ್ಣಿಗೆ ಬಿದ್ದ ಸೀಸ ಕೊಳೆಯುವುದಿಲ್ಲ. ಸಾವಯವ ಅಂಶ ಅದನ್ನು ಹಿಡಿದಿಡುತ್ತದೆ, ನಿಜ. ಆದರೆ ನಮ್ಮ ಮಲೆನಾಡಿನ ಮಣ್ಣು ಹುಳಿ ಮಣ್ಣು, ಹುಳಿ ಹೆಚ್ಚಿದಷ್ಟೂ ಸೀಸ ಕರಗುವುದು ಹೆಚ್ಚು. ಹಕ್ಕಿಗಳು ಕಾಳು ಅರೆಯಲು ಸಣ್ಣ ಕಲ್ಲು ನುಂಗುವಾಗ ಚರೆಯನ್ನೂ ನುಂಗುತ್ತವೆ. ನೀರುಹಕ್ಕಿಗಳು ಹೀಗೆ ಸಾಯುವುದನ್ನು ಕಂಡು ಅಮೆರಿಕ 1991ರಿಂದ ನೀರುಹಕ್ಕಿ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಿತು. ಯುರೋಪಿನ ಒಕ್ಕೂಟ 2023ರ ಫೆಬ್ರವರಿಯಿಂದ ಜೌಗು ನೆಲಗಳಲ್ಲಿ ಅದನ್ನು ನಿಲ್ಲಿಸಿತು. ನಮ್ಮಲ್ಲಿ ಬೇಟೆಯೇ 1972ರ ವನ್ಯಜೀವಿ ಕಾಯಿದೆಯಿಂದ ನಿಷಿದ್ಧವಾದರೂ ತೋಟದ ಅಂಚಿನಲ್ಲಿ, ಗದ್ದೆಯ ಬದುವಿನಲ್ಲಿ ವರ್ಷವರ್ಷವೂ ಬೀಳುವ ಚರೆಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ಆ ಗದ್ದೆಯ ನೀರೇ ಕೆಳಗಿನ ಮನೆಯ ಬಾವಿಗೆ ಇಳಿಯುತ್ತದೆ.

ತಾಮ್ರದ ಬಗ್ಗೆಯೂ ಒಂದು ಮಾತು. ಲೆಸ್ಲಿ ಕೋಲ್‌ಮನ್ ಅವರು ಮೈಸೂರು ಸಂಸ್ಥಾನಕ್ಕೆ ಬಂದು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, 1910ರ ಸುಮಾರಿಗೆ ಬೋರ್ಡೊ ದ್ರಾವಣವನ್ನು ನಮ್ಮ ತೋಟಗಳಿಗೆ ತಂದರು. ಈ ಊರಿಗೆ ಹತ್ತಿರದ ಹೆಬ್ಬಾಳದ ಕೃಷಿ ಶಾಲೆಗೂ ಅವರೇ ಕಾರಣಪುರುಷರು. ಅಂದಿನಿಂದ ನೂರಕ್ಕೂ ಹೆಚ್ಚು ಮಳೆಗಾಲ ನಾವು ತೋಟಕ್ಕೆ ತಾಮ್ರ ಸುರಿಯುತ್ತ ಬಂದಿದ್ದೇವೆ. ಅದರ ಮುಂದೆ ನಾಲ್ಕು ಕೋಶದ ಹಿತ್ತಾಳೆ ಲೆಕ್ಕಕ್ಕಿಲ್ಲ. ಆದ್ದರಿಂದ ಹಿತ್ತಾಳೆಯಿಂದ ಪರಿಸರ ಹಾಳಾಯಿತೆಂದು ನಾನು ಕೂಗುವುದಿಲ್ಲ. ನನ್ನ ಆತಂಕ ಸೀಸದ್ದು, ಅದಕ್ಕಿಂತ ಹೆಚ್ಚಾಗಿ ಕೈ ಮತ್ತು ಕಣ್ಣುಗಳದ್ದು.

ಕಣ್ಣು ಎಂದಾಗ ಹೇಳದೆ ಇರಲಾರೆ. ತೋಟಾ ಸಿಗದಿದ್ದಾಗ ಜನ ಬೇರೆ ದಾರಿ ಹಿಡಿಯುತ್ತಾರೆ. ಮಂಗ ಓಡಿಸಲು ಪೈಪಿನ ಕಾರ್ಬೈಡ್ ಕೋವಿ ಹಳ್ಳಿಗಳಲ್ಲಿ ಹಬ್ಬಿದೆ. 2025ರ ಅಕ್ಟೋಬರಿನ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದನ್ನೇ ಪಟಾಕಿಯೆಂದು ಮಾರಿದಾಗ ನೂರಾರು ಮಂದಿ, ಅವರಲ್ಲಿ ಹೆಚ್ಚಿನವರು ಮಕ್ಕಳು, ಕಣ್ಣಿಗೆ ಗಾಯಮಾಡಿಕೊಂಡು ಆಸ್ಪತ್ರೆ ಸೇರಿದರು. ಕೆಲವರ ದೃಷ್ಟಿಯೇ ಹೋಯಿತು. ಸಿಡಿಯದಿದ್ದರೆ ಬಗ್ಗಿ ಒಳಗೆ ನೋಡುವುದು ಮಕ್ಕಳ ಸ್ವಭಾವ, ಅದು ಆ ಕ್ಷಣಕ್ಕೇ ಸಿಡಿಯುವುದು ಅದರ ಸ್ವಭಾವ. ಹಂದಿಗೆಂದು ಇಡುವ ಸಿಡಿಮದ್ದಿನ ಉಂಡೆ ಇನ್ನೂ ಕ್ರೂರ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಬಾಯಿ ಛಿದ್ರವಾದ ಗಬ್ಬದ ಆನೆಯೊಂದು ಹೊಳೆಯ ನೀರಿನಲ್ಲಿ ನಿಂತೇ ಸತ್ತದ್ದನ್ನು ಲೋಕವೆಲ್ಲ ನೋಡಿತು. ನಮ್ಮ ಕಡೆ ದನಗಳೂ ಅದನ್ನು ಕಚ್ಚುತ್ತವೆ.

ಹಾಗಾದರೆ ಬೆಳೆಯನ್ನು ಕಾಯುವುದು ಹೇಗೆ ಎಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರ ಮುಖದಲ್ಲೇ ಪ್ರಶ್ನೆ ಕಾಣುತ್ತಿದೆ. ನನ್ನ ಬಳಿ ಮಂತ್ರವಿಲ್ಲ. ಸದ್ದಿಗೆ ಪ್ರಾಣಿಗಳು ಒಗ್ಗಿಹೋಗುತ್ತವೆ ಎಂಬುದು ನೀವೇ ನನಗೆ ಕಲಿಸಿದ ಪಾಠ; ಮೊದಲ ವಾರ ಓಡಿದ ಮಂಗ ಮೂರನೆಯ ವಾರ ಮರದ ಮೇಲೆ ಕುಳಿತು ನೋಡುತ್ತದೆ. ಆದ್ದರಿಂದ ಬ್ಲ್ಯಾಂಕ್ ತುಂಬಿ ತುಂಬಿ ಹಾರಿಸಿದರೂ ಅದರ ಫಲ ಅಲ್ಪಕಾಲದ್ದು. ಸೌರಬೇಲಿಯನ್ನು ಹತ್ತು ಮನೆಯವರು ಸೇರಿ ಹಾಕಿ, ಸರದಿಯ ಮೇಲೆ ಬುಡದ ಬಳ್ಳಿ ಕತ್ತರಿಸಿ ಕಾಪಾಡಿದ ಕಡೆ ಹಂದಿ ಕಡಿಮೆಯಾದದ್ದನ್ನು ನೋಡಿದ್ದೇನೆ. ಒಬ್ಬೊಬ್ಬರೇ ಹಾಕಿದ ಕಡೆ ಅದು ಪಕ್ಕದವರ ಗದ್ದೆಗೆ ತಿರುಗಿತು. ಬೆಳೆಗೆ ಅಪಾಯಕಾರಿಯಾದ ಪ್ರಾಣಿಯ ವಿಷಯದಲ್ಲಿ ಅಧಿಕೃತ ಅನುಮತಿ ಕೊಡಲು ವನ್ಯಜೀವಿ ಕಾಯಿದೆಯ 11ನೆಯ ಕಲಮಿನಲ್ಲೇ ಅವಕಾಶವಿದೆ. ಅದನ್ನು ಬಳಸುವಂತೆ ಗ್ರಾಮಸಭೆಗಳು ಲಿಖಿತವಾಗಿ ಒತ್ತಾಯಿಸಬೇಕು. ಚುನಾವಣೆಯ ಕಾಲದಲ್ಲಿ 'ಎಲ್ಲ ಕೋವಿಯೂ ಠಾಣೆಗೆ' ಎಂಬ ಸಾರಾಸಗಟು ಆಜ್ಞೆ ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಕಾಡಂಚಿನ ಕೃಷಿಕನ ಅರ್ಜಿಯನ್ನು ಬೇರೆಯಾಗಿಯೇ ಪರಿಶೀಲಿಸಬೇಕು. ಕಾಯಿದೆಯನ್ನು ಪಾಲಿಸು ಎಂದು ಹೇಳುವವರು ಪಾಲಿಸಲು ಆಗುವಂಥ ದಾರಿಯನ್ನೂ ತೋರಿಸಬೇಕಲ್ಲವೇ?

ಉಳಿದದ್ದು, ಮನೆಯಲ್ಲಿರುವ ಹಳೆಯ ಡಬ್ಬಿಯನ್ನು ಏನು ಮಾಡುವುದೆಂಬುದು. ಗುಜರಿಗೆ ಹಾಕಬೇಡಿ. ಹಾರದ ಕೇಪು ಒಂದಿದ್ದರೂ ಕುಲುಮೆಯ ಮುಂದೆ ಕುಳಿತ ಅಕ್ಕಸಾಲಿಗನೋ ಕಂಚುಗಾರನೋ ಮುಖ ಸುಟ್ಟುಕೊಳ್ಳುತ್ತಾನೆ. ಬಾವಿಗೆ, ಹೊಳೆಗೆ ಎಸೆಯಬೇಡಿ. ಒಲೆಗಂತೂ ಬೇಡವೇ ಬೇಡ. ಕೋವಿಯ ಲೈಸೆನ್ಸಿರುವ ಮನೆಯಾದರೆ ಲೈಸೆನ್ಸಿನ ಪುಸ್ತಕದೊಂದಿಗೆ ಅಧಿಕೃತ ಮದ್ದುಗುಂಡಿನ ಅಂಗಡಿಗೋ ಠಾಣೆಗೋ ಒಪ್ಪಿಸಿ ರಸೀತಿ ಪಡೆಯಿರಿ. ಅಜ್ಜ ತೀರಿಕೊಂಡು ಲೈಸೆನ್ಸು ವರ್ಗವಾಗದೆ ಉಳಿದಿದ್ದರೆ ಇಬ್ಬರು ಊರ ಹಿರಿಯರನ್ನು ಕರೆದುಕೊಂಡು, ಎಷ್ಟು, ಯಾವುದು ಎಂದು ಬರೆದ ಅರ್ಜಿಯೊಂದಿಗೆ ಹೋಗಿ. ಡಬ್ಬಿಯನ್ನು ಮಾತ್ರ ಬಸ್ಸಿನಲ್ಲಿ ಹೊತ್ತೊಯ್ಯಬೇಡಿ. ಮೊದಲು ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಮಾಡಿ. ಅಲ್ಲಿಯವರೆಗೆ ಅದನ್ನು ಕೊಟ್ಟಿಗೆಯ ಅಟ್ಟದಿಂದ ಇಳಿಸಿ, ಮಕ್ಕಳ ಕೈಗೆ ಸಿಗದ ಒಣ ಜಾಗದಲ್ಲಿ ಬೀಗ ಹಾಕಿಡಿ. ಯೂರಿಯಾ ಚೀಲವನ್ನೂ ಅದರ ಹತ್ತಿರ ಇಡಬೇಡಿ.

ಪ್ರಶ್ನೆ ಕೇಳಿದ ಹುಡುಗನ ಐದಾರು ಕೋಶಗಳು ಎಲ್ಲಿಂದ ಬಂದಿದ್ದವೋ ಅಲ್ಲಿಗೇ ಹೋಗಿ ಸೇರಿದವು. ಒಬ್ಬ ಉಪನ್ಯಾಸಕರನ್ನು ಜೊತೆಗೆ ಕರೆದುಕೊಂಡು ಹೋಗಿದ್ದನಂತೆ. ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು. ಕೊಟ್ಟಿಗೆಯ ಗೊಬ್ಬರದ ಬಗ್ಗೆ ಕೇಳಿದರೂ ಸಂತೋಷ.